ಸುಗಂಧರಾಜನ ಅಪರಾಧ

ನಮ್ಮ ಕನ್ನಡದಲ್ಲಿ ಸುಗಂಧರಾಜ ಗಂಡಸು. ರಾಜನೆಂದ ಮೇಲೆ ಕೇಳಬೇಕೆ, ಮೀಸೆ ತಿರುವಿಕೊಂಡೇ ಮದುವೆಯ ಹಾರದಲ್ಲಿ ಕೂತಿರುತ್ತಾನೆ. ಅದೇ ಹೂವು ಉತ್ತರಕ್ಕೆ ಹೋಗಿ ರಜನಿಗಂಧಾ ಆಗುವಷ್ಟರಲ್ಲಿ ಹೆಣ್ಣಾಗಿಬಿಡುತ್ತದೆ. 1974ರಲ್ಲಿ ಬಾಸು ಚಟರ್ಜಿ ಆ ಹೆಸರಿನಲ್ಲಿ ತೆಗೆದ ಹಿಂದಿ ಚಿತ್ರವನ್ನು ನೋಡಿದವರಿಗೆ ವಿದ್ಯಾ ಸಿನ್ಹಾಳ ಕೋಣೆಯ ಆ ಬಿಳಿ ಹೂವುಗಳು ನೆನಪಿರಬಹುದು. ಸಮುದ್ರ ದಾಟಿ ಫ್ರಾನ್ಸಿಗೆ ಹೋದರೂ ಅದು ಹೆಣ್ಣೇ. ಅಲ್ಲಿ ಅವಳ ಹೆಸರು ಟ್ಯೂಬೆರೂಸ್. ಕಿವಿಗೆ 'ರೋಸ್' ಎಂದು ಕೇಳಿಸಿದರೂ ಗುಲಾಬಿಗೂ ಅವಳಿಗೂ ಯಾವ ನಂಟೂ ಇಲ್ಲ. ಲ್ಯಾಟಿನ್ ಮೂಲದ ಆ ಪದಕ್ಕೆ 'ಗೆಡ್ಡೆಯುಳ್ಳದ್ದು' ಎಂದಷ್ಟೇ ಅರ್ಥ. ನಾವು ಹೂವಿನ ಕಂಪು ನೋಡಿ ಹೆಸರಿಟ್ಟೆವು, ಅವರು ಬುಡ ಅಗೆದು ನೋಡಿ ಇಟ್ಟರು.

1999ರಲ್ಲಿ ಪ್ಯಾರಿಸ್ಸಿನ ಸೆರ್ಜ್ ಲ್ಯೂಟೆನ್ಸ್ ಈ ಹೆಣ್ಣಿಗೆ ಒಂದು ವಿಶೇಷಣವನ್ನೂ ಅಂಟಿಸಿದ. 'ಟ್ಯೂಬೆರೂಸ್ ಕ್ರಿಮಿನೆಲ್'. ಅಪರಾಧಿನಿ ಸುಗಂಧರಾಜ, ಅಥವಾ ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕೊಲೆಗಾತಿ ಹೂವು. ಆ ಹೆಸರಿನ ಸೆಂಟಿನ ಬಗ್ಗೆಯೇ ಈ ಬರಹ. ಲಿಯೋನಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ರಜೆಗೆ ಬಂದಾಗ ಅರ್ಧ ಉಳಿದ ತನ್ನ ಸೀಸೆಯನ್ನು ನನ್ನ ಕೈಗಿಟ್ಟು, "ದೊಡ್ಡಮ್ಮ, ಇದು ನಂಗೆ ತಡಕೊಳ್ಳಕ್ಕಾಗಲ್ಲ, ನೀವೇ ಇಟ್ಕೊಳಿ" ಎಂದಳು. ಹಾಗೆ ಬಂದದ್ದನ್ನು ಈಗ ಒಂದು ವರ್ಷದಿಂದ ಹಚ್ಚಿಕೊಳ್ಳುತ್ತಿದ್ದೇನೆ. ಬೇಸಿಗೆಯಲ್ಲಿ, ಮಳೆಯಲ್ಲಿ, ರೇಷ್ಮೆಯ ಮೇಲೆ, ಕಾಟನ್ ಸೀರೆಯ ಮೇಲೆ, ಬರಿಯ ಮಣಿಕಟ್ಟಿನ ಮೇಲೆ. ಒಂದು ಪುಸ್ತಕವನ್ನು ಮತ್ತೆ ಮತ್ತೆ ಓದಿದಂತೆಯೇ ಇದನ್ನೂ ಮೂಸಿದ್ದೇನೆ. ಪುಸ್ತಕದ ವಿಮರ್ಶೆ ಬರೆಯುವವರಿದ್ದಾರೆ, ಸಿನಿಮಾದ ವಿಮರ್ಶೆ ಬರೆಯುವವರಿದ್ದಾರೆ. ಹೆಂಗಸರು ದಿನಬೆಳಗಾದರೆ ಮೈಗೆ ಹಚ್ಚಿಕೊಳ್ಳುವ ವಸ್ತುವಿಗೆ ಮಾತ್ರ ಜಾಹೀರಾತೇ ಸಾಕು ಎಂದು ಯಾರು ತೀರ್ಮಾನಿಸಿದರೋ.

ಮೊದಲು ಮನೆತನದ ವಿಚಾರ. ಲ್ಯೂಟೆನ್ಸ್ 1942ರಲ್ಲಿ ಫ್ರಾನ್ಸಿನ ಲೀಲ್ ಊರಿನಲ್ಲಿ ಹುಟ್ಟಿದವನು. ಫೋಟೋ ತೆಗೆಯುತ್ತಿದ್ದ, ಡಿಯೋರ್ ಸಂಸ್ಥೆಗೆ ಮೇಕಪ್ಪಿನ ಬಣ್ಣಗಳನ್ನು ಮಾಡಿಕೊಟ್ಟ, 1980ರಲ್ಲಿ ಜಪಾನಿನ ಶಿಸೈಡೊ ಕಂಪನಿಗೆ ಸೇರಿದ. ಅವರ ಪರವಾಗಿ 1992ರಲ್ಲಿ ಪ್ಯಾರಿಸ್ಸಿನ ಪ್ಯಾಲೆ ರಾಯಲ್ ಅಂಗಳದಲ್ಲಿ ಒಂದು ಅಂಗಡಿ ತೆರೆದ. ಈತ ಕಲ್ಪಿಸುವವನು; ಕೂತು ಬೆರೆಸಿ ಕೊಟ್ಟವನು ಕ್ರಿಸ್ಟಫರ್ ಶೆಲ್ಡ್ರೇಕ್ ಎಂಬ ಇಂಗ್ಲಿಷಿನವನು. ಇದೇ ಮನೆಯ ಇನ್ನೊಂದು ಸೆಂಟಿನ ಹೆಸರು 'ಸಾಂತಾಲ್ ದ ಮೈಸೂರ್', ಅಂದರೆ ನಮ್ಮ ಮೈಸೂರಿನ ಗಂಧ. ಇಂಥ ಸಣ್ಣ ಮನೆಗಳ ಸರಕಿಗೆ 'ನಿಶ್' ಎನ್ನುತ್ತಾರೆ. ಆ ಫ್ರೆಂಚ್ ಪದದ ಮೂಲಾರ್ಥ ಕೇಳಿ ನನಗೆ ಖುಷಿಯಾಯಿತು. ನಿಶ್ ಅಂದರೆ ಗೋಡೆಯ ಗೂಡು. ನಮ್ಮ ಹಳೇ ಮನೆಗಳಲ್ಲಿ ದೀಪ ಇಡುತ್ತಿದ್ದೆವಲ್ಲ, ಅದೇ. ಎಲ್ಲ ಅಂಗಡಿಗಳಲ್ಲೂ ಸಿಗದೆ, ಸಿನಿಮಾ ನಟಿಯರ ಚಿತ್ರ ಹಾಕಿ ಮಾರದೆ, ಬೇಕಾದವರು ಹುಡುಕಿಕೊಂಡು ಬರಲಿ ಎಂದು ಗೂಡಿನಲ್ಲಿ ಇಟ್ಟ ಸರಕು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ಬೆಲೆ ಮಾತ್ರ ಗೂಡಿನದಲ್ಲ, ಗೋಪುರದ್ದು.

ಇನ್ನು ಒಳಗಿನದು. ಮುಚ್ಚಳ ತೆಗೆದು ಒಂದು ತೊಟ್ಟು ಮಣಿಕಟ್ಟಿಗೆ ಹಚ್ಚಿದ ಕೂಡಲೇ ಹೂವು ಬರುವುದಿಲ್ಲ. ಬರುವುದು ಕರ್ಪೂರ. ಅದರ ಹಿಂದೆಯೇ ಪುದೀನದ ಹೂವನ್ನು ಅರೆದಂಥ ಚಳಿ, ನೋವಿನ ಮುಲಾಮಿನ ಡಬ್ಬಿ ತೆರೆದ ಹಾಗೆ. ಆಮೇಲೆ ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕುವಾಗ ಬರುವ ಸೊಲ್ಯೂಷನ್ನಿನ ಘಾಟು, ಸ್ವಲ್ಪ ಪೆಟ್ರೋಲು, ಹೊಸ ರಬ್ಬರ್ ಚಪ್ಪಲಿ. ಒಟ್ಟಿನಲ್ಲಿ ಹೂವಿನಂಗಡಿಗೆಂದು ಹೊರಟವಳನ್ನು ಔಷಧಿ ಅಂಗಡಿಯ ಹಿತ್ತಿಲಿಗೆ ಕರೆದೊಯ್ದು ನಿಲ್ಲಿಸಿದಂತೆ. ಇದು ಹತ್ತು ನಿಮಿಷ ಇರುತ್ತದೆ, ನಮ್ಮ ಬೇಸಿಗೆಯಲ್ಲಿ ಐದೇ ನಿಮಿಷ. ಆಮೇಲೆ ಆ ಚಳಿಯ ಕೆಳಗಿನಿಂದ, ತಣ್ಣೀರಿನ ತೊಟ್ಟಿಯೊಳಗಿಂದ ಯಾರೋ ಮೇಲೆದ್ದು ಬಂದ ಹಾಗೆ ಸುಗಂಧರಾಜ ಬರುತ್ತದೆ. ದಪ್ಪ, ಬಿಳಿ, ಬೆಣ್ಣೆಯಂಥದು. ಜೊತೆಗೆ ಮಲ್ಲಿಗೆ, ಕಿತ್ತಳೆ ಹೂವು, ಒಂದಿಷ್ಟು ಲವಂಗ, ಜಾಯಿಕಾಯಿ. ಸಂಜೆಯ ಹೊತ್ತಿಗೆ ಉಳಿಯುವುದು ವೆನಿಲ್ಲಾ ಬೆರೆತ ಒಂದು ಮೃದುವಾದ ಮೈಗಂಪು. ಮಾರನೆಯ ದಿನ ಸೆರಗಿನಲ್ಲಿ ಅದಷ್ಟೇ.

ಆ ಮೊದಲ ಹತ್ತು ನಿಮಿಷದ ಮೇಲೆಯೇ ಈ ಸೆಂಟಿನ ಕೀರ್ತಿಯೆಲ್ಲ ನಿಂತಿರುವುದು. ಆ ಕಡೆಯವರು ಇದರ ಬಗ್ಗೆ ಬರೆದಾಗಲೆಲ್ಲ ಆಘಾತ, ದುಸ್ಸಾಹಸ, ವಿಕೃತಿ ಎಂಬ ಪದಗಳು ಸಾಲುಗಟ್ಟುತ್ತವೆ. ಕಾರಣವಿದೆ. ಅವರಿಗೆ ಸುಗಂಧರಾಜ ಎಂದರೆ 'ಫ್ರಕಾ'. 1948ರಲ್ಲಿ ರಾಬರ್ಟ್ ಪಿಗೆಯ ಫ್ಯಾಶನ್ ಮನೆಗೆ ಜರ್ಮೇನ್ ಸೆಲ್ಲಿಯೆ ಮಾಡಿಕೊಟ್ಟದ್ದು. ಸೆಲ್ಲಿಯೆ ಹೆಂಗಸು ಎಂಬುದನ್ನು ಒತ್ತಿ ಹೇಳುತ್ತೇನೆ. ಹೆಂಗಸರ ಸೆಂಟನ್ನೆಲ್ಲ ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ ಆಕೆ ಅವರ ನಡುವೆ ಕೂತು, 1944ರಲ್ಲಿ 'ಬಾಂದಿ' ಎಂದು ಚರ್ಮದ ಕಮಟಿನ ಒಂದು ಸೆಂಟು ಮಾಡಿ, ನಾಲ್ಕು ವರ್ಷಕ್ಕೆ ಈ ಫ್ರಕಾ ಮಾಡಿದಳು. ಫ್ರಕಾ ಎಂದರೆ ಗದ್ದಲ. ಹೆಸರಿಗೆ ತಕ್ಕಂತೆ ಅದು ಬಾಗಿಲಲ್ಲೇ ನಗುತ್ತಾ, ಮಾತಾಡುತ್ತಾ ಒಳಗೆ ಬರುವ ಹೆಂಗಸು. ಆದರೆ ಬೆಣ್ಣೆ, ಸಕ್ಕರೆ, ಕಿತ್ತಳೆ ಹೂವುಗಳಲ್ಲಿ ಸುಗಂಧರಾಜದ ಒರಟನ್ನೆಲ್ಲ ನಯ ಮಾಡಿಬಿಟ್ಟಿದೆ. ಅದರ ನಂತರ ಬಂದ ಬಹುಪಾಲು ಸುಗಂಧರಾಜಗಳು ಆ ನಯವನ್ನೇ ಹಿಡಿದವು.

ಶೆಲ್ಡ್ರೇಕ್ ಮಾಡಿದ್ದು ಇದಕ್ಕೆ ತಿರುಗುಮುರುಗು. ಆದರೆ ಆ ಕರ್ಪೂರ, ಮುಲಾಮು, ರಬ್ಬರ್ ಎಲ್ಲ ಹೊರಗಿನಿಂದ ತಂದು ಸುರಿದದ್ದಲ್ಲ. ಅದೇ ಹೂವಿನೊಳಗೆ ಇರುವಂಥದು. ಸುಗಂಧರಾಜದ ಸಾರದಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಎಂಬ ವಸ್ತುವಿದೆ. ನಮ್ಮ ಅಮೃತಾಂಜನದಲ್ಲಿ ಕರ್ಪೂರ, ಮೆಂಥಾಲ್ ಜೊತೆ ಇರುವುದೂ ಅದೇ. ಗಿಡಗಳ ಲೋಕದಲ್ಲಿ ಅದೊಂದು ಕೂಗು ಕೂಡ. ಹುಳುವೋ ರೋಗವೋ ಬಿದ್ದಾಗ ಎಷ್ಟೋ ಗಿಡಗಳು ಇದನ್ನು ಗಾಳಿಗೆ ಬಿಡುತ್ತವೆ. ಇನ್ನು ಇಂಡೋಲ್ ಎಂಬುದು ಮಲ್ಲಿಗೆಯಲ್ಲೂ ಇದೆ, ಸುಗಂಧರಾಜದಲ್ಲೂ ಇದೆ. ಒಂದು ಚಿಟಿಕೆ ಇದ್ದರೆ ಹೂವಿಗೆ ಆಳ ಬರುತ್ತದೆ, ಹೆಚ್ಚಾದರೆ ನುಸಿಗುಳಿಗೆಯ ವಾಸನೆ, ಇನ್ನೂ ಹೆಚ್ಚಾದರೆ ನಾನು ಇಲ್ಲಿ ಬರೆಯಲಾಗದ ವಾಸನೆ. ಸಂಜೆಯಾದ ಮೇಲೆ ಪತಂಗಗಳನ್ನು ಕರೆಯಬೇಕಾದ ಹೂವು, ಕತ್ತಲಲ್ಲಿ ಬಣ್ಣಕ್ಕೆ ಬೆಲೆಯಿಲ್ಲವಾದ್ದರಿಂದ ವಾಸನೆಯನ್ನೇ ಹೀಗೆ ಹರಿತ ಮಾಡಿಕೊಂಡಿದೆ. ಅಂದಮೇಲೆ ಶೆಲ್ಡ್ರೇಕ್ ಹೊಸದೇನನ್ನೂ ಕಂಡುಹಿಡಿಯಲಿಲ್ಲ. ಬೇರೆಯವರು ಮುಚ್ಚಿಟ್ಟದ್ದನ್ನು ಎತ್ತಿ ಹೊಸ್ತಿಲಲ್ಲೇ ಇಟ್ಟ. ಇದರ ಹೆಚ್ಚುಗಾರಿಕೆ ಇರುವುದು ಅಲ್ಲಿಯೇ.

ಆದರೆ ಅವರಿಗೆ ಆಘಾತವಾದದ್ದು ನಮಗೂ ಆಗಲೇಬೇಕೆ? ನಮ್ಮ ಯಾವುದಾದರೂ ಕಲ್ಯಾಣ ಮಂಟಪವನ್ನು ನೆನಪಿಸಿಕೊಳ್ಳಿ. ಮುಹೂರ್ತದ ಹೊತ್ತು. ಗಂಡುಹೆಣ್ಣಿನ ಕೊರಳಲ್ಲಿ ಮಾರುದ್ದದ ಸುಗಂಧರಾಜದ ಹಾರ. ಆರತಿಯ ಕರ್ಪೂರ ಉರಿಯುತ್ತಿದೆ. ವರ್ಷಕ್ಕೊಮ್ಮೆ ಬೀರುವಿನಿಂದ ಹೊರಬಂದ ರೇಷ್ಮೆ ಸೀರೆಗಳ ಮಡಿಕೆಯಲ್ಲಿ ನುಸಿಗುಳಿಗೆ. ಮುಂದಿನ ಸಾಲಿನ ಅಜ್ಜಿಯರ ಮಂಡಿಯಲ್ಲಿ, ಹಣೆಯಲ್ಲಿ ಮುಲಾಮು. ಹೊರಗೆ ಹೂವು ಸುತ್ತಿದ ಕಾರು ಇಂಜಿನ್ ಆರಿಸದೆ ನಿಂತಿದೆ. ಟ್ಯೂಬೆರೂಸ್ ಕ್ರಿಮಿನೆಲ್ ಅಂದರೆ ಇಷ್ಟೇ, ಇಷ್ಟನ್ನೂ ಒಂದು ಸೀಸೆಗೆ ಇಳಿಸಿದ್ದು. ಪ್ಯಾರಿಸ್ಸಿನಲ್ಲಿ ಅಪರಾಧ ಎನಿಸಿಕೊಂಡದ್ದು ತುಮಕೂರಿನಲ್ಲಿ ಧಾರೆ. ನಾನು ಮೊದಲ ಸಲ ಮೂಸಿದಾಗ ಬೆಚ್ಚಲಿಲ್ಲ, ಊಟದ ಎರಡನೇ ಪಂಕ್ತಿ ಯಾವಾಗ ಕೂರುತ್ತದೆ ಎಂದು ನೋಡಬೇಕೆನ್ನಿಸಿತು.

ಹಾಗೆಂದು ಸುಗಂಧರಾಜ ಅನಾದಿಯಿಂದ ನಮ್ಮದೇ ಎಂದು ಎದೆ ಉಬ್ಬಿಸುವಂತೆಯೂ ಇಲ್ಲ. ಕಾಳಿದಾಸನಿಗೆ ಈ ಹೂವು ಗೊತ್ತಿರಲಿಲ್ಲ. ಇದರ ತವರು ಮೆಕ್ಸಿಕೊ, ಕತ್ತಾಳೆಯ ಬಳಗದ ಗಿಡ. ಅಲ್ಲಿಯ ಆಜ್ಟೆಕ್ ಜನ ಇದನ್ನು ತಮ್ಮ ಭಾಷೆಯಲ್ಲಿ ಮೂಳೆ ಹೂವು ಎಂದು ಕರೆಯುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರ ಕೈಸೇರಿ ಯುರೋಪಿಗೆ ಹೋಯಿತು, ಅಲ್ಲಿಂದ ಈಚೆಗೆ ನಮ್ಮ ಕಡೆಗೂ ಬಂತು. ಬಂದದ್ದೇ ತಡ, ಮದುವೆಗೂ ಬೇಕಾಯಿತು, ಹೆಣದ ಮೇಲಿನ ಹಾರಕ್ಕೂ ಬೇಕಾಯಿತು, ತೀರಿಕೊಂಡವರ ಫೋಟೋಕ್ಕೂ ಬೇಕಾಯಿತು. ಮೂಳೆ ಹೂವು ಎಂಬ ಹೆಸರೇ ನನಗೆ ಮೂರರಲ್ಲಿ ಹೆಚ್ಚು ಸರಿ ಎನ್ನಿಸುತ್ತದೆ. ಆ ಬಿಳುಪು, ಆ ಚಳಿ ಎರಡೂ ಅದರಲ್ಲಿದೆ.

ಈಗ ಬೆಳೆಯುವ ವಿಚಾರಕ್ಕೆ ಬಂದರೆ, ಮೈಸೂರು, ತುಮಕೂರು, ಕೋಲಾರ, ಬೆಳಗಾವಿ, ದೇವನಹಳ್ಳಿ ಸೀಮೆಯಲ್ಲಿ ಇದರ ತೋಟಗಳಿವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ತಳಿಗಳ ಹೆಸರು ಕೇಳಿ: ಶೃಂಗಾರ, ಸುವಾಸಿನಿ, ಪ್ರಜ್ವಲ್, ವೈಭವ್. ಒಂದೊಂದೂ ಮದುವೆ ಕರೆಯೋಲೆಯಿಂದ ಎತ್ತಿಕೊಂಡ ಹಾಗಿದೆ, ಯಾವುದಕ್ಕೂ ಅಪರಾಧದ ನೆರಳಿಲ್ಲ. ಒಂಟಿ ಸುತ್ತಿನ ಹೂವು ಹಾರಕ್ಕೂ ಸೆಂಟಿನ ಎಣ್ಣೆಗೂ ಹೋಗುತ್ತದೆ, ಜೋಡಿ ಸುತ್ತಿನದು ಹೂದಾನಿಗೆ. ಬಿಸಿಲೇರುವ ಮೊದಲೇ ತೋಟಕ್ಕಿಳಿದು ಬಿಡಿಸುವವರಲ್ಲಿ ಹೆಂಗಸರೇ ಹೆಚ್ಚು. ದ್ರಾವಕದಲ್ಲಿ ಮುಳುಗಿಸಿ ತೆಗೆಯುವ ಮೇಣದಂಥ ಸಾರ ಒಂದು ಕಿಲೋ ಬರಬೇಕಾದರೆ ಹೆಚ್ಚುಕಡಿಮೆ ಸಾವಿರ ಕಿಲೋ ಹೂವು ಬೇಕು; ಅದನ್ನು ಮತ್ತೆ ಮದ್ಯಸಾರದಲ್ಲಿ ತೊಳೆದು ಶುದ್ಧ ಮಾಡಿದರೆ ಕಾಲುಭಾಗವೂ ಉಳಿಯುವುದಿಲ್ಲ. ಇವತ್ತು ಜಗತ್ತಿನ ಸೆಂಟುಗಳಿಗೆ ಹೋಗುವ ಸುಗಂಧರಾಜದ ಸಾರದಲ್ಲಿ ದೊಡ್ಡ ಪಾಲು ದಕ್ಷಿಣ ಭಾರತದ್ದು. ಫ್ರಾನ್ಸಿನ ಗ್ರಾಸ್ ಊರಿನಲ್ಲಿ ಹಿಂದೆ ಇದಕ್ಕೆ ಬೇರೆಯೇ ಕ್ರಮವಿತ್ತು. ಗಾಜಿನ ಹಲಗೆಗೆ ಶುದ್ಧ ಮಾಡಿದ ಪ್ರಾಣಿಕೊಬ್ಬು ಬಳಿದು ಅದರ ಮೇಲೆ ಹೂವು ಹರಡುವುದು. ಕಿತ್ತ ಮೇಲೂ ಸುಗಂಧರಾಜ ಮಲ್ಲಿಗೆಗಳು ಕಂಪು ಬಿಡುತ್ತಲೇ ಇರುತ್ತವೆ, ಕೊಬ್ಬು ಅದನ್ನು ಹೀರಿಕೊಳ್ಳುತ್ತದೆ. ಬಾಡಿದ ಹೂವು ತೆಗೆದು ಹೊಸದು ಹಾಕುತ್ತಾ ಕೊಬ್ಬು ಇನ್ನು ಸಾಕೆನ್ನುವವರೆಗೂ ನಡೆಸುತ್ತಿದ್ದರು. ಆ ಕೆಲಸದಲ್ಲಿದ್ದವರೂ ಬಹುಪಾಲು ಹೆಂಗಸರೇ.

ಇಲ್ಲಿಗೆ ನನ್ನ ಮೊದಲ ತಕರಾರು. ಬಿಡಿಸುವವಳು ಹೆಣ್ಣು, ಹರಡುವವಳು ಹೆಣ್ಣು, ಕಟ್ಟುವವಳು, ಮುಡಿಯುವವಳು ಹೆಣ್ಣು. ಹೆಸರಿಡುವ ಹೊತ್ತಿಗೆ ಮಾತ್ರ ಗಂಡಸು ಬರುತ್ತಾನೆ, ಬಂದು ಅಪರಾಧಿ ಎನ್ನುತ್ತಾನೆ. ಇದು ಲ್ಯೂಟೆನ್ಸ್ ಒಬ್ಬನ ಚಾಳಿಯೂ ಅಲ್ಲ. 1932ರಲ್ಲಿ 'ಟಾಬು', ಅಂದರೆ ನಿಷೇಧ. 1977ರಲ್ಲಿ 'ಓಪಿಯಂ', ಅಂದರೆ ಅಫೀಮು. 1985ರಲ್ಲಿ ಡಿಯೋರ್‌ನವರ 'ಪಾಯ್ಸನ್', ವಿಷ. ಅದರ ಹೊಟ್ಟೆಯಲ್ಲಿಯೂ ಇದೇ ಸುಗಂಧರಾಜ. ಹೆಣ್ಣಿನ ಮೈಯಿಂದ ಬರುವ ಕಂಪು ಒಂದೋ ದೇವರ ಮನೆಯದಾಗಿರಬೇಕು, ಇಲ್ಲವೇ ಪೊಲೀಸು ಠಾಣೆಯದು. ನಡುವೆ ಅಡುಗೆ ಮನೆ, ಆಫೀಸು, ಬಸ್ಸು, ಮಧ್ಯಾಹ್ನದ ನಿದ್ದೆ ಎಂಬುವೂ ಇವೆ ಎಂದು ಹೆಸರಿಡುವವರಿಗೆ ತೋಚಿಯೇ ಇಲ್ಲ. ಹರೆಯದ ಹುಡುಗಿಯರು ರಾತ್ರಿ ಸುಗಂಧರಾಜದ ತೋಟಕ್ಕೆ ಹೋಗಬಾರದೆಂದು ಇಟಲಿಯಲ್ಲಿ ಹಿಂದೆ ಹೇಳುತ್ತಿದ್ದರಂತೆ. ನಮ್ಮಲ್ಲಿ ಮೂರುಸಂಜೆ ತಲೆತುಂಬ ಹೂವು ಮುಡಿದು ಒಬ್ಬಳೇ ಹುಣಸೇಮರದ ಕೆಳಗೆ ಹೋಗಬಾರದು. ಊರು ಯಾವುದಾದರೇನು, ಬೈಗುಳ ಹೂವಿಗಲ್ಲ.

ನನ್ನ ಸೋದರತ್ತೆಯ ಮಾತನ್ನು ಇಲ್ಲಿ ಹೇಳಲೇಬೇಕು. ಅವರಿಗೆ ಈಗ ಎಂಬತ್ತಮೂರು. ಮೂವತ್ತೆರಡಕ್ಕೆ ಮಾವ ತೀರಿಕೊಂಡರು. ಅಂದಿನಿಂದ ಅತ್ತೆ ಹೂವು ಮುಡಿದಿಲ್ಲ. ಮುಡಿಯಬೇಡಿ ಎಂದು ಯಾರೂ ಕೂತು ಹೇಳಲಿಲ್ಲ, ಹೂವಿನ ಬುಟ್ಟಿ ಅವರ ಮುಂದೆ ಬಂದಾಗ ಒಂದು ಗಳಿಗೆ ನಿಲ್ಲದೆ ಪಕ್ಕದವರ ಕಡೆ ಹೋಗುತ್ತಿತ್ತು, ಅಷ್ಟೇ. ಈಗ ಕಾಲ ಸ್ವಲ್ಪ ಬದಲಾಗಿದೆ. ನಮ್ಮ ಬೀದಿಯಲ್ಲೇ ಗಂಡ ಹೋದ ಮೇಲೂ ಹೂವು, ಕುಂಕುಮ ಬಿಡದ ಇಬ್ಬರಿದ್ದಾರೆ. ಅತ್ತೆಗೆ ನಾವು ಹೇಳಿದ್ದೂ ಉಂಟು. "ಅಭ್ಯಾಸ ತಪ್ಪಿಹೋಗಿದೆ ಕಣೇ" ಎಂದು ಕೈಯಾಡಿಸಿಬಿಡುತ್ತಾರೆ. ಆದರೆ ಮನೆಯಲ್ಲಿ ಹೂವು ಕಟ್ಟುವವರು ಅವರೇ. ಮದುವೆ, ಸೀಮಂತ, ಗೌರಿಹಬ್ಬ, ಎಲ್ಲದಕ್ಕೂ ಅವರ ಬೆರಳೇ ಬೇಕು. ಕಟ್ಟಿ ಮುಗಿದ ಮೇಲೆ ಕೈ ತೊಳೆಯಲು ತಡ ಮಾಡುತ್ತಾರೆ ಎಂಬುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಒಂದು ಮಧ್ಯಾಹ್ನ ಅವರ ಮಣಿಕಟ್ಟಿಗೆ ಈ ಸೆಂಟು ಒಂದು ತೊಟ್ಟು ಹಚ್ಚಿದೆ. ಮೂಸಿ ಮುಖ ಕಿವುಚಿದರು. "ಇದೇನೇ, ಮಂಡಿನೋವಿಗೆ ಹಚ್ಚೋದಾ?" ನಾನು ತಡೆಯಿರಿ ಎಂದೆ. ಕಾಲು ಗಂಟೆ ಕಳೆಯಿತು, ಹುರುಳಿಕಾಯಿ ಸೋಸುತ್ತಾ ಕೂತರು. ಮತ್ತೆ ಕೈ ಎತ್ತಿ ಮೂಸಿದರು. ಏನೂ ಹೇಳಲಿಲ್ಲ. ಇನ್ನೊಂದಿಷ್ಟು ಹೊತ್ತಿಗೆ ಮತ್ತೆ. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ಇದು ಯಾರಿಗೂ ಕಾಣಲ್ಲ, ಅಲ್ವಾ?"

ಕಾಣುವುದಿಲ್ಲ ಎಂದೆ. ಆದರೆ ಸೆಂಟಿನ ಗುಣವೇ ಬೇರೆ, ಕಣ್ಣಿಗೆ ಕಾಣದಿದ್ದರೂ ಮೂಗಿಗೆ ಸಿಕ್ಕಿಬೀಳುತ್ತದೆ. ಸಂಜೆ ಬಂದ ಅತ್ತೆಯ ಸೊಸೆ ಬಾಗಿಲಲ್ಲೇ "ಯಾರು ಸುಗಂಧರಾಜ ತಂದದ್ದು?" ಎಂದಳು. ಅತ್ತೆ ಹುರುಳಿಕಾಯಿಯಿಂದ ಕಣ್ಣೆತ್ತಲಿಲ್ಲ. ನನಗೆ ಈ ಸೆಂಟಿನ ವಿಷಯದಲ್ಲಿ ಗೌರವ ಮೂಡಿದ್ದು ಆ ಹೊತ್ತಿನಲ್ಲಿ. ಫ್ರಕಾ ಆಗಿದ್ದರೆ ಅತ್ತೆ ಎರಡನೇ ಸಲ ಮೂಸುತ್ತಿದ್ದರೆ? ಇಲ್ಲವೆಂದೇ ನನ್ನ ಅಂದಾಜು. ಅದು ನೆಟ್ಟಗೆ ಸಿಂಗಾರ, ನೆಟ್ಟಗೆ ಹೂವು. ಅದು ಅವರ ಮುಂದೆ ನಿಲ್ಲದೆ ಹೋದ ಬುಟ್ಟಿ. ಇದು ಮುಲಾಮಿನ ವೇಷದಲ್ಲಿ ಬಂತು. ಮುಲಾಮು ಹಚ್ಚಿಕೊಳ್ಳಲು ಯಾವ ವಿಧವೆಗೂ ಅಡ್ಡಿಯಿಲ್ಲವಲ್ಲ.

ಇಷ್ಟು ಹೊಗಳಿದ ಮೇಲೆ ಎರಡನೇ ತಕರಾರು, ಇದು ಹೆಸರಿನದಲ್ಲ, ಕಟ್ಟಿದ ಕ್ರಮದ್ದು. ಶೆಲ್ಡ್ರೇಕ್ ತನ್ನ ಧೈರ್ಯವನ್ನೆಲ್ಲ ಮೊದಲ ಹತ್ತು ನಿಮಿಷದಲ್ಲೇ ಖರ್ಚು ಮಾಡಿಬಿಟ್ಟಿದ್ದಾನೆ. ಬಾಗಿಲಲ್ಲಿ ಹುಲಿ ವೇಷ ಕುಣಿಯಿತು, ಒಳಗೆ ಹೋದರೆ ಸಭ್ಯ ಗೃಹಸ್ಥರ ನಡುಮನೆ. ಕರ್ಪೂರ ಹಾರಿಹೋದ ಮೇಲೆ ಉಳಿಯುವ ಹೂವು ಚಂದವಾಗಿದೆ, ತುಂಬ ಚಂದವಾಗಿದೆ, ಆದರೆ ತೊಳೆದು ಒರೆಸಿ ಇಟ್ಟದ್ದು. ವೆನಿಲ್ಲಾ ಬಂದ ಮೇಲಂತೂ ಯಾರ ಮನೆಯ ಸೆಂಟಾದರೂ ಆಗಬಹುದು. ನಿಜವಾದ ಸುಗಂಧರಾಜ ಹೀಗಲ್ಲ. ಅದರಲ್ಲಿ ಬೆಣ್ಣೆಯೂ ಮುಲಾಮೂ ಒಂದರೊಳಗೊಂದು ಸೇರಿಕೊಂಡಿರುತ್ತವೆ, ಮೊದಲು ಇದು ಆಮೇಲೆ ಅದು ಎಂಬ ಸರದಿ ಇಲ್ಲ. ಸಾಯಂಕಾಲ ಅರಳಿದ್ದು ಬೆಳಗಿನ ಜಾವ ತಣ್ಣಗಾಗುತ್ತದೆ, ಮೂರನೇ ದಿನ ಅಂಚು ಕಂದಾದಾಗ ಹೊಸದೊಂದು ಮುಗ್ಗಲು ಸೇರುತ್ತದೆ, ಆಗಲೂ ಅದು ಸಿಹಿಯೇ. ಕೊನೆಯವರೆಗೆ ಎರಡೂ ಇರುತ್ತವೆ. ಸೆಂಟು ಮಾತ್ರ ಮೊದಲು ಅಪರಾಧ ಮಾಡಿಸಿ ಅರ್ಧ ಗಂಟೆಯೊಳಗೆ ಬಿಡುಗಡೆ ಮಾಡಿಬಿಡುತ್ತದೆ. ಈ ವಿಷಯದಲ್ಲಿ 2005ರಲ್ಲಿ ಡೊಮಿನಿಕ್ ರೋಪಿಯೊ ಮಾಡಿದ 'ಕಾರ್ನಲ್ ಫ್ಲವರ್' ಹೆಚ್ಚು ಸಮಾಧಾನದ್ದು. ಹೆಸರು ಮತ್ತೆ ಅದೇ ಕಥೆ, ಮಾಂಸಲ ಹೂವು, ಇರಲಿ. ಅದರಲ್ಲಿ ನೀಲಗಿರಿ ಎಲೆಯ ಹಸಿರು ಘಾಟು ಹೂವಿನ ಜೊತೆಯೇ ಬಹಳ ದೂರ ನಡೆಯುತ್ತದೆ. ಆದರೂ ನನಗೆ ಎರಡರಲ್ಲಿ ಒಂದು ಆರಿಸು ಎಂದರೆ ಕೊಲೆಗಾತಿಯನ್ನೇ ಆರಿಸುತ್ತೇನೆ. ಆ ಹತ್ತು ನಿಮಿಷ ಇನ್ನೆಲ್ಲೂ ಸಿಗುವುದಿಲ್ಲ.

ಹಚ್ಚಿಕೊಳ್ಳುವವರಿಗೆ ಎರಡು ಮಾತು. ಒಂದು ತೊಟ್ಟು ಸಾಕು, ಎರಡನೆಯದು ಪಕ್ಕದ ಸೀಟಿನವರಿಗೆ ಶಿಕ್ಷೆ. ಮಳೆಗಾಲದಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ. ಏಪ್ರಿಲ್ಲಿನಲ್ಲಿ ಕರ್ಪೂರ ಕಣ್ಣು ಮಿಟುಕಿಸುವುದರೊಳಗೆ ಹಾರಿ ಹೂವು ಉಸಿರುಕಟ್ಟಿಸುತ್ತದೆ. ತಲೆನೋವಿನವರು ದೂರ ಇಡಿ, ಮುಲಾಮಿನ ವಾಸನೆ ಇದೆಯೆಂದು ತಲೆನೋವು ಹೋಗುವುದಿಲ್ಲ. ಜರಿ ಸೀರೆಗೆ ತಾಗಿಸಬೇಡಿ.

ಸೀಸೆ ಸಿಗದವರು, ಅಂದರೆ ನಮ್ಮಲ್ಲಿ ಹೆಚ್ಚಿನವರು, ಸಂಜೆ ಮಾರುಕಟ್ಟೆಗೆ ಹೋಗಿ ಮೊಗ್ಗು ಬಿರಿಯುತ್ತಿರುವ ಎರಡು ಕಡ್ಡಿ ಸುಗಂಧರಾಜ ತನ್ನಿ. ಆ ರಾತ್ರಿ ಅಡುಗೆ ಮನೆಯ ದೀಪ ಆರಿಸಿದ ಮೇಲೆ ಹತ್ತಿರ ಹೋಗಿ, ಬೆಣ್ಣೆಯ ಹಿಂದೆ ಆ ಚಳಿ ಸಿಗುತ್ತದೋ ನೋಡಿ. ಮೂರನೇ ದಿನ ಕೆಳಗಿನ ಹೂವು ಕಂದಾಗಿ ಮೇಲಿನದು ಆಗ ತಾನೇ ಅರಳುತ್ತಿರುವಾಗ, ಹೂದಾನಿಯ ನೀರು ಚೆಲ್ಲುವ ಮೊದಲು ಇನ್ನೊಮ್ಮೆ.